ಸಂದು ಬಿಟ್ಟ ದೋಣಿ

ಫೆಬ್ರವರಿ 2, ಭಾನುವಾರ

ಬರೆಯಲು ಹೇಳಿದವಳು ನನ್ನ ಹೆಂಡತಿ. "ಬೆಳಗಿಂದ ಸಾಯಂಕಾಲದವರೆಗೆ ನನ್ನ ಕಿವಿ ತಿಂತೀರಲ್ಲ, ಅದನ್ನೆಲ್ಲ ಒಂದು ಕಡೆ ಬರೆದಿಡಿ. ನನಗೂ ಸ್ವಲ್ಪ ಪುರುಸೊತ್ತು ಸಿಗುತ್ತೆ" ಅಂದಳು. ಸರಿ, ಬರೆಯೋಣ. ಇಷ್ಟು ವರ್ಷ ಜನರ ಎದೆ ಸೊಂಟದ ಅಳತೆ ಬರೆದ ದರ್ಜಿ ನಾನು, ನಾಲ್ಕು ಸಾಲು ಬರೆಯಲು ಬರುವುದಿಲ್ಲವೇ?

ಇವತ್ತು ಅಂಗಡಿಯ ಹಿಂದಿನ ಶೆಡ್ಡಿಗೆ ಒಂದು ದೋಣಿ ಬಂದಿದೆ. ಹಾಯಿ ಕಟ್ಟುವ ಮರದ ದೋಣಿ, ಇಬ್ಬರು ಕೂರುವಷ್ಟು ಚಿಕ್ಕದು. ಮಗಳು ತಂದದ್ದು. ಕೆರೆಯ ದಂಡೆಯಲ್ಲಿ ದೋಣಿ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಸೊಂಟದಲ್ಲಿ ಸದಾ ಸುತ್ತಿಗೆ ಸಿಕ್ಕಿಸಿಕೊಂಡಿರುವುದರಿಂದ ನಾನು ಅವಳನ್ನು ಸುತ್ತಿಗೆಯಮ್ಮ ಅನ್ನುತ್ತೇನೆ. ಒಡೆದು ಸೌದೆ ಮಾಡಲು ಇಟ್ಟಿದ್ದ ದೋಣಿಯನ್ನು ಅವಳೇ ಮಗಳಿಗೆ ಕೊಟ್ಟಳಂತೆ.

ಮಗಳಿಗೆ ಇಪ್ಪತ್ತಮೂರು. ಮೊದಲು ಅವಳು ಶನಿವಾರ ಭಾನುವಾರ ಕೆರೆಯಲ್ಲೇ ಇರುತ್ತಿದ್ದಳು, ಹಾಯಿದೋಣಿ ಪಂದ್ಯಗಳಲ್ಲಿ ಕಪ್ ಗೆದ್ದವಳು. ಆಮೇಲೆ ಫಿಟ್ಸ್ ಶುರುವಾಯಿತು. ಒಂದು ದಿನ ಹಲ್ಲುಜ್ಜುತ್ತಿದ್ದವಳು ಬಚ್ಚಲಲ್ಲಿ ಬಿದ್ದಳು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೀರಿನ ಮಾತು ಅಲ್ಲಿಗೆ ನಿಂತಿತ್ತು. ಈಗ ಮಾತ್ರೆ ಹೊಂದಿಕೊಂಡು ಬಹಳ ದಿನದಿಂದ ಬಂದಿಲ್ಲ. ಹೋದ ವಾರ ಡಾಕ್ಟರು, "ಲೈಫ್ ಜಾಕೆಟ್ ಹಾಕ್ಕೊಂಡು, ಜೊತೆಗೆ ಈಜು ಬರೋರು ಒಬ್ಬರಿದ್ರೆ ಹೋಗಬಹುದು" ಅಂದುಬಿಟ್ಟರು. ಅವರಿಗೇನು, ಹೇಳಿದರು, ಮುಂದಿನ ರೋಗಿಯನ್ನು ಕರೆದರು.

ದೋಣಿಯನ್ನು ಇಟ್ಟುಕೊಳ್ಳಲಿ ಎಂದೆ. ಹಲಗೆಗಳೆಲ್ಲ ಒಣಗಿ ಬಿರಿದು, ಸಂದುಗಳಲ್ಲಿ ಆಚೆಯ ಬೆಳಕು ಕಾಣುತ್ತಿದೆ. ಇದು ನೀರಿಗಿಳಿಯುವಷ್ಟರಲ್ಲಿ ನನಗೆ ಮರಿಮಕ್ಕಳಾಗಿರುತ್ತಾರೆ. ಸುಮ್ಮನೆ ಬೇಡ ಎಂದು ಕೆಟ್ಟವನಾಗುವುದೇಕೆ?

ಫೆಬ್ರವರಿ 6, ಗುರುವಾರ

ಬಚ್ಚಲ ಬಾಗಿಲಿನ ಚಿಲಕ ನಾನೇ ಕಿತ್ತದ್ದು, ಅವಳು ಬಿದ್ದ ಮರುದಿನ. ಸ್ನಾನಕ್ಕೆ ಹೋದಾಗ ಹಾಡುತ್ತಾಳೆ, ಹಾಡು ಕೇಳುತ್ತಿದ್ದರೆ ನನಗೆ ಧೈರ್ಯ. ಇವತ್ತು ನಡುವೆ ಹಾಡು ನಿಂತಿತು. ಕೈಯಲ್ಲಿದ್ದ ಕತ್ತರಿ ಹಾಗೇ ಹಿಡಿದು ಓಡಿದೆ.

"ಏನಾಯ್ತು? ಏನಾಯ್ತೇ?"

"ಬಾಯಿಗೆ ಸೋಪು ಹೋಯ್ತಪ್ಪಾ! ಸ್ನಾನ ಮಾಡುವಾಗ್ಲೂ ರನ್ನಿಂಗ್ ಕಾಮೆಂಟರಿ ಕೊಡ್ಬೇಕಾ?"

ಹೊರಗೆ ಬಂದವಳು ನನ್ನ ಕೈಯ ಕತ್ತರಿ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

ಫೆಬ್ರವರಿ 16, ಭಾನುವಾರ

ಕೆಲಸ ನಿಜವಾಗಿಯೂ ಮುಂದುವರಿಯುತ್ತಿದೆ. ಇದನ್ನು ನಾನು ಎಣಿಸಿರಲಿಲ್ಲ. ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ಮನೆಗೆ ಬಂದವಳೇ ಬಟ್ಟೆ ಬದಲಾಯಿಸಿ ಶೆಡ್ಡಿಗೆ ಹೋಗುತ್ತಾಳೆ. ಹಳೆಯ ಬಣ್ಣ ಪೂರ್ತಿ ಕೆರೆದಾಯಿತು. ಒಳಗಿನ ಮರ ಗಟ್ಟಿಯಾಗಿದೆಯಂತೆ. ಏನು ಗ್ರಹಚಾರವೋ, ನಾಲ್ಕು ಕಡೆ ಹುಳ ಹಿಡಿದಿರಬಾರದಿತ್ತೇ.

ಸುತ್ತಿಗೆಯಮ್ಮ ಬಂದು ನೋಡಿದಳು. ದೊಡ್ಡ ಗಂಟಲು, ಪಿಸುಮಾತಾಡಿದರೂ ಮೂರನೇ ಮನೆಗೆ ಕೇಳುತ್ತದೆ. ಸಂದುಗಳಲ್ಲಿ ಬೆರಳಾಡಿಸಿ, "ಹತ್ತಿನೂಲಿನ ಬತ್ತಿ ಮೆಲ್ಲಗೆ ಕೂರಿಸು, ಮೇಲೆ ಮೆತ್ತನೆ ಪುಟ್ಟಿ ಹಚ್ಚು. ಅಷ್ಟೇ. ಬಿಗಿಯಾಗಿ ಗಿಡಿಯೋದಕ್ಕೆ ಹೋಗ್ಬೇಡ. ಆಮೇಲೆ ದಡದ ಹತ್ರ ಒಂದು ವಾರ ಮುಳುಗಿಸಿಡೋಣ" ಅಂದಳು.

ನಾನು ಬೆಚ್ಚಿಬಿದ್ದೆ. "ಮುಳುಗಿಸೋದಾ?"

"ಮತ್ತೆ? ಒಣಗಿದ ಹಲಗೆ ನೀರು ಕುಡಿದು ಊದ್ಕೊಳ್ಳುತ್ತೆ ಸ್ವಾಮಿ. ಊದಿದ್ರೆ ಸಂದು ತಾನೇ ಮುಚ್ಚಿಕೊಳ್ಳುತ್ತೆ. ಊದೋಕೆ ಜಾಗ ಬಿಡ್ಬೇಕು ಅಷ್ಟೇ."

ಇದನ್ನು ನಂಬಬೇಕಂತೆ! ಬೆಳಕು ಕಾಣುವ ಸಂದನ್ನು ಹಾಗೇ ಬಿಟ್ಟು, ಅದು ತಾನಾಗಿ ಮುಚ್ಚಿಕೊಳ್ಳಲಿ ಎಂದು ಕಾಯುವುದು. ಹೊಲಿಗೆ ಬಿಟ್ಟ ಅಂಗಿಯನ್ನು ಗಿರಾಕಿಗೆ ಕೊಟ್ಟು, ಹಾಕಿಕೊಳ್ಳಿ ತಾನೇ ಕೂಡಿಕೊಳ್ಳುತ್ತದೆ ಎಂದರೆ ನನ್ನ ಅಂಗಡಿ ನಡೆದೀತೇ? ಮಗಳು ಮಾತ್ರ ತಲೆಯಾಡಿಸುತ್ತ ಕೇಳುತ್ತಿದ್ದಳು.

ಫೆಬ್ರವರಿ 27, ಗುರುವಾರ

ಹಾಯಿ ನನ್ನ ಪಾಲಿಗೆ ಬಂತು. ಅಂಚೆಲ್ಲ ಹರಿದಿತ್ತು. ದಪ್ಪ ಬಟ್ಟೆಯ ಮಿಷನ್ನಿಗೆ ಎಣ್ಣೆ ಬಿಟ್ಟು ಕೂತೆ. ಇಡೀ ದಿನ ನೆಮ್ಮದಿ. ಒಂದು ಹೊಲಿಗೆ ಸಾಕು ಎಂದಿದ್ದ ಕಡೆ ಮೂರು ಹಾಕಿದೆ.

"ಅಪ್ಪ, ಇದು ಹಾಯಿ, ಸೋಫಾ ಅಲ್ಲ" ಅಂದಳು ಮಗಳು.

ಅಂದುಕೊಳ್ಳಲಿ. ನನ್ನ ಹೊಲಿಗೆ ಬಿಟ್ಟುಕೊಂಡಿತು ಎಂದು ಈ ಊರಿನಲ್ಲಿ ಯಾರಾದರೂ ಹೇಳಲಿ ನೋಡೋಣ.

ಮಾರ್ಚ್ 8, ಶನಿವಾರ

ಮಗಳು ಪ್ರೆಸ್ಸಿನ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ. ಹೆಂಡತಿ ತಂಗಿಯ ಮನೆಗೆ. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಶೆಡ್ಡಿಗೆ ಹೋದೆ.

ಅವಳು ಕೂರಿಸಿದ್ದ ಬತ್ತಿಯನ್ನು ಬೆರಳಿನಿಂದ ಎಳೆದರೆ ಈಚೆ ಬಂತು. ಅಷ್ಟು ಸಡಿಲ! ಇದರ ಮೇಲೆ ನನ್ನ ಮಗಳು ಕೂತು ನೀರಿನ ನಡುವೆ ಹೋಗಬೇಕೇ? ನೂಲನ್ನು ನಾಲ್ಕು ಎಳೆ ಹೊಸೆದು, ಉಳಿ ಸುತ್ತಿಗೆಯಿಂದ ಒಂದೊಂದೇ ಸಂದಿಗೆ ಹೊಡೆದು ಹೊಡೆದು ಗಿಡಿದೆ. ಮೇಲೆ ಎರಡು ಡಬ್ಬಿ ಬೆರೆಸುವ ಅಂಟು ಹಚ್ಚಿದೆ, ಕಲ್ಲಿನಂತೆ ಗಟ್ಟಿಯಾಗುವಂಥದ್ದು. ಸೂಜಿ ಇಳಿಯುವ ಜಾಗವನ್ನೂ ಬಿಟ್ಟಿಲ್ಲ. ಕೊನೆಗೆ ಅವಳದೇ ಬಣ್ಣದ ಡಬ್ಬಿ ತೆಗೆದು ಒಂದು ಕೈ ಬಳಿದೆ, ಗೊತ್ತಾಗದ ಹಾಗೆ.

ಸೊಂಟ ಹಿಡಿದುಕೊಂಡಿದೆ. ಆದರೆ ಎಷ್ಟೋ ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಮಾರ್ಚ್ 16, ಭಾನುವಾರ

ದೋಣಿಯನ್ನು ಕೆರೆಗೆ ಸಾಗಿಸಿದರು. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಕಟ್ಟಿದರು. ಎಲ್ಲರೂ ಬಗ್ಗಿ ಒಳಗೆ ನೋಡಿದೆವು. ಒಂದು ತೊಟ್ಟು ನೀರಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರದಿದ್ದುದು ಪುಣ್ಯ.

ಸುತ್ತಿಗೆಯಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಇದೇನೇ ಇದು, ಇಷ್ಟು ವರ್ಷ ಒಣಗಿದ್ದು ಒಂದು ಗುಟುಕೂ ಒಳಗೆ ಬಿಡ್ತಿಲ್ಲ?"

"ನಿನಗೆ ಸೋರಿದ್ರೂ ಕಷ್ಟ, ಸೋರದಿದ್ರೂ ಕಷ್ಟ" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಕೆಟ್ಟಿನಲ್ಲಿ ನೀರು ಮೊಗೆದು ತಾನೇ ದೋಣಿಯ ಒಳಗೆ ತುಂಬಿಸಿದಳು. ಒಂದು ವಾರ ಹೀಗೇ ಇರಲಿ ಎಂದಳು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಸುತ್ತಿಗೆಯಮ್ಮನ ಫೋನು. ಮೂವರೂ ಓಡಿದೆವು.

ಹಲಗೆಗಳು ನೀರು ಕುಡಿದು ಊದಿಕೊಂಡಿವೆ. ಊದಲು ಜಾಗವಿಲ್ಲ, ಸಂದಿನಲ್ಲಿ ನಾನು ಗಿಡಿದ ಕಲ್ಲಿನಂಥ ಅಂಟು ಕೂತಿದೆ. ಒಂದನ್ನೊಂದು ನೂಕಿ ನೂಕಿ, ಒಳಗೆ ಅಡ್ಡಲಾಗಿ ಹಿಡಿದುಕೊಂಡಿದ್ದ ಬಾಗಿದ ಪಟ್ಟಿಗಳು, ದೋಣಿಯ ಪಕ್ಕೆಲುಬುಗಳು, ಲಟ್ಟನೆ ಮುರಿದಿವೆ. ತಳದ ಒಂದು ಹಲಗೆ ಮೊಳೆ ಸಮೇತ ಎದ್ದು ಬಂದಿದೆ.

ಮಗಳು ನೀರಿಗಿಳಿದು ಸಂದಿನಲ್ಲಿ ಉಗುರಾಡಿಸಿದಳು. ಬಣ್ಣ ಎದ್ದು, ಅಂಟು ಕಂಡಿತು. ಯಾರು ಎಂದು ಕೇಳಲಿಲ್ಲ. ನನ್ನ ಕಡೆ ನೋಡಿದಳು.

"ನೀನು ಮುಳುಗಬಾರದು ಅಂತ ಮಾಡ್ದೆ ಕಣೇ" ಎಂದೆ.

"ಜಾಗ ಬಿಡ್ಬೇಕು ಅಂತ ನಿನ್ನ ಎದುರಿಗೇ ಹೇಳಿದ್ರು."

"ಅದು ನೋಡು, ಅಷ್ಟು ಸಡಿಲ ಇತ್ತು..."

"ಅಪ್ಪ, ನನಗೆ ಉಸಿರು ಕಟ್ಟುತ್ತೆ." ದೋಣಿಯ ಮಾತಾಡುತ್ತಿಲ್ಲ ಎಂದು ನನಗೂ ಗೊತ್ತಾಯಿತು. "ಬಚ್ಚಲಿಗೆ ಹೋದ್ರೆ ಬಾಗಿಲ ಹೊರಗೆ ನೀನು. ಬಸ್ಸಿನಲ್ಲಿದ್ರೆ ಎರಡು ಫೋನು. ನಿದ್ದೆ ಮಾಡಿದ್ರೆ ಮೂಗಿನ ಹತ್ರ ಬೆರಳು. ಎದ್ದಿರ್ತೀನಪ್ಪ ನಾನು. ಕಣ್ಣು ಮುಚ್ಕೊಂಡು ಸುಮ್ನಿರ್ತೀನಿ, ನೀನು ಹೋಗ್ಲಿ ಅಂತ."

ಸುತ್ತಿಗೆಯಮ್ಮ ದೂರ ಹೋಗಿ ಯಾವುದೋ ಹಗ್ಗ ಸುತ್ತತೊಡಗಿದಳು.

ಮಾರ್ಚ್ 20, ಗುರುವಾರ

ಮಗಳು ಮಾತಾಡುತ್ತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾಳೆ, ಎದ್ದು ಹೋಗುತ್ತಾಳೆ.

"ಈಗ ಸಂತೋಷಾನಾ? ದೋಣಿ ಮುರೀತು, ಅವಳು ಎಲ್ಲಿಗೂ ಹೋಗಲ್ಲ" ಅಂದಳು ಹೆಂಡತಿ.

ನಾನು ಸಿಟ್ಟಿನಿಂದ ಎದ್ದುಹೋದೆ. ಯಾರೂ ಓದದ ಪುಸ್ತಕವಾದ್ದರಿಂದ ಬರೆಯುತ್ತೇನೆ: ನಿನ್ನೆ ಆ ಮುರಿದ ಪಟ್ಟಿಗಳನ್ನು ಕಂಡಾಗ ಮೊದಲು ಆದದ್ದು ಸಂತೋಷವೇ. ಒಂದೇ ಒಂದು ಕ್ಷಣ. ಆಮೇಲೆ ಅವಳ ಮುಖ ಕಂಡಿತು.

ಮಾರ್ಚ್ 30, ಭಾನುವಾರ

ದೋಣಿ ಮತ್ತೆ ಶೆಡ್ಡಿಗೆ ಬಂದಿದೆ. ಮಗಳು ಆ ಕಡೆ ಸುಳಿಯುತ್ತಿಲ್ಲ. ನಾನೇ ಅಂಟು ಕೀಳುತ್ತಿದ್ದೇನೆ. ಹಾಕಿದ ಹೊಲಿಗೆ ಬಿಚ್ಚುವುದಕ್ಕಿಂತ ರೇಜಿಗೆಯ ಕೆಲಸ ಬೇರೆ ಇಲ್ಲ. ಅದರಲ್ಲೂ ನನ್ನ ಹೊಲಿಗೆ! ಅರ್ಧ ದಿನ ಕೂತರೆ ಒಂದು ಗೇಣು ಬಿಡಿಸಬಹುದು. ಗಿರಾಕಿಗಳು ಬಂದು, "ಏನು ಸ್ವಾಮಿ, ದೋಣಿಗೆ ಪ್ಯಾಂಟು ಹೊಲಿತೀರಾ?" ಎಂದು ಹಲ್ಲು ಕಿರಿದು ಹೋಗುತ್ತಾರೆ.

ಕೀಳುವುದಕ್ಕೆ ಸಣ್ಣ ಉಳಿ ಬೇಕಿತ್ತು, ಹಳೆಯ ಸಾಮಾನಿನ ಡಬ್ಬಿ ತಡಕಿದೆ. ಬಚ್ಚಲ ಚಿಲಕ ಅಲ್ಲೇ ಸಿಕ್ಕಿತು. ಹೇಗೂ ಸ್ಕ್ರೂಡ್ರೈವರು ಕೈಯಲ್ಲಿತ್ತು. ಕೂರಿಸಿ, ಎರಡು ಸಲ ಎಳೆದು ನೋಡಿ ಬಂದೆ. ತುಕ್ಕು ಹಿಡಿದಿರಲಿಲ್ಲ.

ಸಾಯಂಕಾಲ ಮಗಳು ಸ್ನಾನಕ್ಕೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ಹಾಡು ಕೇಳಲಿಲ್ಲ. ನಾನು ಅಂಗಳಕ್ಕೆ ಬಂದು ಅತ್ತಿಂದಿತ್ತ ತಿರುಗಿದೆ. ಸ್ನಾನ ಮುಗಿಸಿ ಬಂದವಳು ಶೆಡ್ಡಿಗೆ ಹೋಗಿ, ನಾನು ಬಿಡಿಸಿದ ಸಂದನ್ನು ನೋಡಿ, "ಇಲ್ಲಿ ಹಲಗೆ ಕೆತ್ತಿಹೋಗಿದೆ, ಉಳಿ ಓರೆ ಹಿಡಿ" ಅಂದಳು.

ಹತ್ತು ದಿನದಲ್ಲಿ ಅವಳಾಡಿದ ಮೊದಲ ಪೂರ್ತಿ ಮಾತು. ಬೈಗುಳವಾದರೇನಂತೆ.

ಏಪ್ರಿಲ್ 13, ಭಾನುವಾರ

ಇವತ್ತು ಹೊಸ ಪಟ್ಟಿಗಳನ್ನು ಹಾಕಿದೆವು. ನೆಟ್ಟಗಿರುವ ಮರದ ಪಟ್ಟಿಯನ್ನು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಕೆಟಲಿನ ಹಬೆ ಹಾಯಿಸುತ್ತಾರೆ. ಬೆಂದ ಪಟ್ಟಿ ಬಟ್ಟೆಯ ಹಾಗೆ ಬಾಗುತ್ತದೆ, ಆದರೆ ಕೆಲವೇ ಕ್ಷಣ. ಅಷ್ಟರಲ್ಲಿ ದೋಣಿಯ ಒಡಲಿಗೆ ಒತ್ತಿ ಹಿಡಿದು ಬಿಗಿಯಬೇಕು. ಆರಿದರೆ ಮುಗಿಯಿತು, ಲಟ್ಟೆಂದು ಮುರಿಯುತ್ತದೆ.

ಸುತ್ತಿಗೆಯಮ್ಮ ಪೆಟ್ಟಿಗೆಯಿಂದ ತೆಗೆದು ಎಸೆದ ಹಾಗೆ ಕೊಡುತ್ತಿದ್ದಳು. ಮಗಳು ದೋಣಿಯೊಳಗೆ ಒಂದು ಮಂಡಿಯೂರಿ ಇನ್ನೊಂದು ಕಾಲಿನಿಂದ ಒತ್ತುವಳು. ನಾನು ಹೊರಗಿನಿಂದ ಬಿಗಿಯುವವನು.

"ಹಿಡಿ ಅಪ್ಪ! ಈ ಕಡೆ! ಬಿಡು, ಬಿಡು, ಈಗ ಹಿಡಿ!"

"ಬಿಡು ಅಂತೀಯೋ ಹಿಡಿ ಅಂತೀಯೋ, ಒಂದು ಹೇಳೇ!"

"ಎರಡೂ!"

ಮೊದಲನೆಯದು ಮುರಿಯಿತು, ನನ್ನಿಂದಲೇ, ಗಾಬರಿಯಲ್ಲಿ ಹೆಚ್ಚು ಎಳೆದೆ. ಮಿಕ್ಕವೆಲ್ಲ ಕೂತವು. ಮಧ್ಯಾಹ್ನ ಕೈ ತೊಳೆಯುವಾಗ ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಕಂಡಿತು. ಬೆಳಗಿನ ಮಾತ್ರೆ ನುಂಗಿದಳೇ ಎಂದು ಇವತ್ತು ಕೇಳಲು ಮರೆತೇ ಹೋಗಿತ್ತು. ಓಡಿಹೋಗಿ ಕೇಳಿದೆ. ನುಂಗಿದ್ದಳು.

ಏಪ್ರಿಲ್ 25, ಶುಕ್ರವಾರ

ದೋಣಿಯನ್ನು ದಡದಲ್ಲಿ ಮುಳುಗಿಸಿ ಕೆಲವು ದಿನವಾಯಿತು. ಈ ಸಲ ಸಡಿಲ ಬತ್ತಿಯ ಸಂದುಗಳಿಂದ ಬುಳುಬುಳು ಎಂದು ನೀರು ನುಗ್ಗಿತು. ಕಣ್ಣಾರೆ ನೋಡಲು ಆಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ದಿನಾ ಅಂಗಡಿ ತೆರೆಯುವ ಮೊದಲು ಹೋಗಿ ನೋಡಿ ಬರುತ್ತೇನೆ. ನೀರಿನೊಳಗೆ ಹಾಗೇ ಕೂತಿದೆ, ಮೇಲೆ ಎಲೆ ತೇಲುತ್ತಿದೆ.

"ಹೆಣ ಕಾಯೋರ ಹಾಗೆ ಕೂತ್ಕೋಬೇಡಿ" ಎಂದಳು ಹೆಂಡತಿ. ಅವಳು ಹೊಳೆಯ ಪಕ್ಕದ ಮನೆಯಲ್ಲಿ ಬೆಳೆದವಳು, ಮೀನಿನಂತೆ ಈಜುತ್ತಾಳೆ. ನನಗೆ ಬಕೆಟ್ಟಿನಲ್ಲಿ ಮುಖ ಅದ್ದಿದರೂ ಉಸಿರು ಸಿಕ್ಕಿಕೊಳ್ಳುತ್ತದೆ.

ಇವತ್ತು ನೀರೆಲ್ಲ ಎತ್ತಿ ಚೆಲ್ಲಿದರು. ಕಾದೆವು. ತಳದಲ್ಲಿ ಬೊಗಸೆಯಷ್ಟು ನೀರು ಬಂದು ನಿಂತಿತು, ಅಷ್ಟೇ. ಸಂದುಗಳು ಮುಚ್ಚಿಕೊಂಡಿವೆ, ಯಾರೂ ಮುಟ್ಟದೆ. ನಾನು ಬೆರಳಾಡಿಸಿ ನೋಡಿದೆ. ಇದ್ದ ಜಾಗ ಗೊತ್ತಾಗುವುದಿಲ್ಲ. ಕೆಲಸ ಚೆನ್ನಾಗಿದೆ ಎಂದು ಒಪ್ಪಬೇಕು.

ಮೇ 4, ಭಾನುವಾರ

ಇವತ್ತಿನದು ಬರೆಯದೆ ಬಿಡಲೇ ಎಂದುಕೊಂಡೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಸಿದ್ಧನಾಗಿ ನಿಂತಿದ್ದೆ, ದೋಣಿಯಲ್ಲಿ ಜೊತೆಗೆ ಹೋಗಲು. ಮಗಳು ನೋಡಿದಳು. "ಅಪ್ಪ, ಅಮ್ಮ ಬರ್ತಾಳೆ. ನೀನು ಬೇಡ."

"ಈಜು ಬರಲ್ಲ ಅಂತಾನಾ? ನಾನೂ ಜಾಕೆಟ್ ಹಾಕ್ಕೋತೀನಿ."

"ಅದಲ್ಲ. ನೀನು ಬಂದ್ರೆ ನನ್ನನ್ನೇ ನೋಡ್ತಾ ಕೂತಿರ್ತೀಯ. ನನಗೆ ಚುಕ್ಕಾಣಿ ಹಿಡಿಯೋಕಾಗಲ್ಲ."

ನಾನು ದಡದಲ್ಲೇ ಉಳಿದೆ. ಹಾಯಿ ಏರಿತು, ನನ್ನ ಮೂರು ಸಾಲಿನ ಹೊಲಿಗೆ ಬಿಸಿಲಿಗೆ ಎದ್ದು ಕಂಡಿತು. ಗಾಳಿ ತುಂಬಿದೊಡನೆ ದೋಣಿ ಕೈಬಿಡಿಸಿಕೊಂಡು ಓಡಿತು. ಹೆಂಡತಿ ಈ ವಯಸ್ಸಿನಲ್ಲಿ ಕೇಕೆ ಹಾಕಿದ್ದು ದಡಕ್ಕೂ ಕೇಳಿಸಿತು.

ನಾನು ಕಣ್ಣು ಮಿಟುಕಿಸದೆ ನಿಂತಿದ್ದೆ. ಸುತ್ತಿಗೆಯಮ್ಮ ಒಂದು ಹರಿದ ಹಾಯಿ ತಂದು ಕಾಲ ಬಳಿ ಹಾಕಿದಳು. "ಸುಮ್ನೆ ನಿಂತು ಕೆರೆ ಸವೆಸ್ತೀರಾ? ಇದಕ್ಕೊಂದು ತೇಪೆ ಹಾಕಿ." ಬೇಡ ಎಂದೆ. ಯಾರೋ ಅಡ್ಡಾದಿಡ್ಡಿ ಹೊಲಿದು ಹಾಳು ಮಾಡಿದ್ದರು, ನೋಡಿದರೆ ಮೈ ಉರಿಯುವ ಹಾಗೆ. ಸರಿ, ಆ ಹೊಲಿಗೆಯೊಂದನ್ನು ಬಿಚ್ಚೋಣವೆಂದು ಕೂತೆ. ಬಿಚ್ಚಿದ ಮೇಲೆ ಹೊಲಿಯದೆ ಇರಲಾದೀತೇ? ತಲೆ ಎತ್ತಿದಾಗ ದೋಣಿ ದಡಕ್ಕೆ ಬಂದಾಗಿತ್ತು. ಮಗಳು ಹಗ್ಗ ಕಟ್ಟುತ್ತಿದ್ದಳು.

ಎದ್ದು ಹತ್ತಿರ ಹೋದೆ. ಅವಳ ಬೆನ್ನೆಲ್ಲ ಒದ್ದೆ. ಕೂದಲಿಗೆ ದೋಣಿಯ ತಳದ ಕೊಳೆ ಅಂಟಿತ್ತು. ಹೆಂಡತಿಯ ಮುಖ ಬಿಳಿಚಿತ್ತು.

"ಅಪ್ಪ, ಕೂತ್ಕೋ" ಎಂದಳು ಮಗಳು. "ಒಂದು ಬಂತು. ಹೋಯ್ತು."

ಅಲ್ಲೇ ಕೂತೆ. ಹೆಂಡತಿ ಹೇಳಿದಳು: ಕೆರೆಯ ಆಚೆ ಬದಿಯಲ್ಲಿ ಇದ್ದಕ್ಕಿದ್ದ ಹಾಗೆ "ಅಮ್ಮ, ನಾಲಿಗೆ ಕಬ್ಬಿಣ ಕಬ್ಬಿಣ ಅಂತಿದೆ" ಎಂದಳಂತೆ. ಫಿಟ್ಸ್ ಬರುವ ಮುಂಚೆ ಅವಳಿಗೆ ಹಾಗಾಗುತ್ತದೆ. ತಾನೇ ಹಾಯಿ ಇಳಿಸಿ, ದೋಣಿಯ ತಳದಲ್ಲಿ ಒಂದು ಮಗ್ಗುಲಾಗಿ ಮಲಗಿ, "ತಲೆ ಹಿಡ್ಕೋ, ಎದ್ದು ನಿಲ್ಲಬೇಡ" ಎಂದಳಂತೆ. ಆಮೇಲೆ ಬಂತು. ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಎಚ್ಚರವಾದ ಮೇಲೆ ಬಹಳ ಹೊತ್ತು ಸುಮ್ಮನೆ ಮಲಗಿದ್ದು, ತಾನೇ ಎದ್ದು ಹಾಯಿ ಏರಿಸಿ, ಅಮ್ಮನ ಕೈಗೆ ಅದರ ಹಗ್ಗ ಕೊಟ್ಟು, ಯಾವಾಗ ಎಳೆಯಬೇಕು ಯಾವಾಗ ಬಿಡಬೇಕು ಹೇಳುತ್ತ ದಡಕ್ಕೆ ತಂದಳಂತೆ.

ಇಷ್ಟು ವರ್ಷ ಕಾದು ಕೂತದ್ದು ಇದನ್ನೇ. ಬಂದಾಗ ನಾನು ಅಲ್ಲಿ ನೋಡುತ್ತಲೇ ಇರಲಿಲ್ಲ, ಯಾರದೋ ಹಾಯಿಗೆ ತೇಪೆ ಹಾಕುತ್ತಿದ್ದೆ.

ಅತ್ತುಬಿಟ್ಟೆ, ಸುತ್ತಿಗೆಯಮ್ಮನ ಎದುರಿಗೇ. ಮಗಳು ಪಕ್ಕದಲ್ಲಿ ಕೂತು ನನ್ನ ಹೆಗಲಿಗೆ ತಲೆಯಿಟ್ಟಳು. ಭಾರವಾಗಿತ್ತು, ಬೆಚ್ಚಗಿತ್ತು. ಸ್ವಲ್ಪ ಹೊತ್ತಿನಲ್ಲಿ ಹಾಗೇ ನಿದ್ದೆ ಹೋದಳು. ಫಿಟ್ಸ್ ಆದ ಮೇಲೆ ಯಾವಾಗಲೂ ಹಾಗೆ. ಅವಳ ಮೂಗಿನ ಹತ್ತಿರ ಬೆರಳು ಒಯ್ಯಲಿಲ್ಲ. ಉಸಿರು ನನ್ನ ಕತ್ತಿಗೇ ತಾಗುತ್ತಿತ್ತು.

ಮೇ 6, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆವು. "ನಾನೇ ಹೇಳ್ತೀನಿ, ನೀವಿಬ್ರೂ ಹೊರಗೆ ಕೂತಿರಿ" ಅಂದಳು ಮಗಳು. ಕೂತೆವು. ಗೋಡೆಯ ಮೇಲಿನ ಕೈ ತೊಳೆಯುವ ವಿಧಾನವನ್ನು ಬಾಯಿಪಾಠ ಆಗುವಷ್ಟು ಸಲ ಓದಿದೆ.

ಹೊರಬಂದವಳ ಮುಖ ಸಣ್ಣಗಾಗಿತ್ತು. "ಮಾತ್ರೆ ಬದಲಾಯಿಸಿದ್ದಾರೆ. ಮೂರು ತಿಂಗಳು ನೀರಿನ ಮೇಲೆ ಹೋಗೋದು ಬೇಡವಂತೆ. ಆಮೇಲೆ ನೋಡೋಣ ಅಂದ್ರು."

"ಮೂರು ತಿಂಗಳಾ?" ಎಂದೆ. ಬಾಗಿಲು ನೂಕಿ ಒಳಗೆ ನಡೆದೇಬಿಟ್ಟೆ. ಹೆಂಡತಿ "ರೀ, ರೀ" ಅನ್ನುತ್ತಲೇ ಇದ್ದಳು.

"ಡಾಕ್ಟ್ರೇ, ಮೂರು ತಿಂಗಳು ಆಗಲ್ಲ. ಅಷ್ಟು ದಿನ ಹೊರಗಿಟ್ರೆ ದೋಣಿ ಒಣಗುತ್ತೆ. ಒಣಗಿದ್ರೆ ಸಂದು ಬಿಟ್ಕೊಳ್ಳುತ್ತೆ. ಎಷ್ಟು ಕಷ್ಟಪಟ್ಟು ಮಾಡಿದೀವಿ ಗೊತ್ತಾ? ಒಂದು ತಿಂಗಳು ಮಾಡಿ."

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಹೋದ ಸಲ, ಇವಳು ಮೆಟ್ಟಿಲು ಹತ್ತಬಹುದಾ ಅಂತ ಕೇಳಿದ್ದು ನೀವೇ ಅಲ್ವಾ?"

"ಅದು ಬೇರೆ ವಿಷಯ" ಎಂದೆ.

ಮೂರು ತಿಂಗಳು ಎಂದರೆ ಮೂರು ತಿಂಗಳೇ ಅಂತೆ. ಮಾತ್ರೆ ಹಿಡಿಯಲು ಅಷ್ಟು ಬೇಕಂತೆ. ಸರಿ, ಅವರ ಕೆಲಸ ಅವರಿಗೆ ಗೊತ್ತು. ದಾರಿಯಲ್ಲಿ ಮೂವರೂ ಲೆಕ್ಕ ಹಾಕಿದೆವು: ದೋಣಿ ನೀರಿನಲ್ಲೇ ಕಟ್ಟಿದ್ದರೆ ಒಣಗುವುದಿಲ್ಲ. ಆದರೆ ತಳದಲ್ಲಿ ಬೊಗಸೆ ಬೊಗಸೆ ನೀರು ಸೇರುತ್ತದೆ, ದಿನಾ ಬೆಳಿಗ್ಗೆ ಯಾರಾದರೂ ಹತ್ತಿ ಎತ್ತಿ ಚೆಲ್ಲಬೇಕು. ಸುತ್ತಿಗೆಯಮ್ಮನಿಗೆ ಅವಳ ಕೆಲಸವೇ ಬೆಟ್ಟದಷ್ಟಿದೆ. ಹೆಂಡತಿಗೆ ಬೆಳಗಿನ ಹೊತ್ತು ಆಗುವುದಿಲ್ಲ. ಅಂಗಡಿ ತೆರೆಯುವ ಮೊದಲು ನಾನೇ ಹೋಗುತ್ತೇನೆ ಎಂದೆ. ಮನೆಗೆ ಬಂದು ಮಗಳ ಲೈಫ್ ಜಾಕೆಟ್ ಹಾಕಿ ನೋಡಿದೆ, ಎದೆಯ ಹತ್ತಿರ ಬಿಗಿ. ಪಟ್ಟಿ ಸ್ವಲ್ಪ ಬಿಡಿಸಿಕೊಂಡೆ.

"ನಾಳೆ ನಾನೂ ಬರ್ತೀನಪ್ಪ. ನಿನಗೆ ಈಜು ಬರಲ್ಲ, ದಡದಲ್ಲಿ ನಿಂತು ನೋಡ್ತಿರ್ತೀನಿ" ಎಂದಳು ಮಗಳು.

"ಬೇಡ ಕಣೇ" ಎಂದೆ. "ಯಾರಾದ್ರೂ ಹಾಗೆ ನೋಡ್ತಾ ನಿಂತ್ರೆ ನನಗೆ ಕೈಯೇ ಓಡಲ್ಲ."

ತಾಯಿ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಕ್ಕದ ಮನೆಗೆ ಕೇಳುವ ಹಾಗೆ ನಕ್ಕರು. ನಗುವಂಥದ್ದೇನಿತ್ತೋ.